ಎರಡು ಸಾವು, ನಡುವೆ ಆರು ದಿನ: ಬಾಗ್ರಾಮ್ ಸೆರೆಮನೆಯ ಒಂದು ಪ್ರಕರಣ

2002ರ ಡಿಸೆಂಬರ್ 4ರಂದು ಅಫ್ಘಾನಿಸ್ತಾನದ ಬಾಗ್ರಾಮ್ ವಾಯುನೆಲೆಯ ಸೆರೆಮನೆಯಲ್ಲಿ ಅಮೆರಿಕದ ಸೇನೆಯ ವಶದಲ್ಲಿದ್ದ ಕೈದಿಯೊಬ್ಬ ಸತ್ತ. ಡಿಸೆಂಬರ್ 10ರಂದು ಅದೇ ಕಟ್ಟಡದಲ್ಲಿ ಇನ್ನೊಬ್ಬ ಸತ್ತ. ಇಬ್ಬರ ಕೈಗಳನ್ನೂ ಕೋಣೆಯ ಸೂರಿಗೆ ಸರಪಳಿಯಿಂದ ಬಿಗಿದಿದ್ದರು. ಇಬ್ಬರ ಕಾಲುಗಳೂ ಒಂದೇ ಬಗೆಯ ಏಟು ತಿಂದು ಜರ್ಜರಿತವಾಗಿದ್ದವು. ಈ ಅಧ್ಯಯನ ಎರಡನೆಯವನದು. ಆದರೆ ನಾನು ಮತ್ತೆ ಮತ್ತೆ ಕೇಳಿಕೊಳ್ಳುವ ಪ್ರಶ್ನೆ ನಡುವಿನ ಆರು ದಿನಗಳದು. ಒಬ್ಬ ಸತ್ತ ಮೇಲೂ ಅಲ್ಲಿನ ಕೆಲಸ ಎಂದಿನಂತೆಯೇ ನಡೆದದ್ದು ಹೇಗೆ?

ಯುದ್ಧಕಾಲದ ಸೆರೆಮನೆಯ ಚಿತ್ರಹಿಂಸೆ ಎಂದೊಡನೆ ಎಲ್ಲರಿಗೂ ನೆನಪಾಗುವುದು ಇರಾಕಿನ ಅಬು ಗ್ರೈಬ್. 2004ರ ಏಪ್ರಿಲ್‌ನಲ್ಲಿ ಹೊರಬಿದ್ದ ಅಲ್ಲಿನ ಫೋಟೊಗಳನ್ನು ಜಗತ್ತೇ ನೋಡಿತು. ಫೋಟೊದಲ್ಲಿ ನಗುತ್ತ ನಿಂತ ಮುಖವೊಂದು ಸಿಕ್ಕಿಬಿಟ್ಟರೆ ನೋಡುವವರಿಗೆ ಒಂದು ಬಗೆಯ ಸಮಾಧಾನ: ಸಿಕ್ಕ ಕೇಡಿ, ಮುಗಿಯಿತು ಕಥೆ. ಬಾಗ್ರಾಮ್ ಪ್ರಕರಣದಲ್ಲಿ ಆ ಸೌಲಭ್ಯ ಇಲ್ಲ. ಇಲ್ಲಿ ಉಳಿದಿರುವುದು ಸೇನೆಯದೇ ತನಿಖೆಯ ಸುಮಾರು 2,000 ಪುಟಗಳ ಕಡತ. ಅದರಲ್ಲಿ ಹೇಳಿಕೆ ಕೊಟ್ಟ ಸೈನಿಕರು ಬಹುಪಾಲು ಸಾಧಾರಣ ಹುಡುಗರು, ಪಾಳಿ ಬದಲಾದಾಗ ಬಂದು ತಮ್ಮ ಪಾಲಿನ ಕೆಲಸ ಮುಗಿಸಿ ಹೋದವರು. ಕಲಿಯುವವರಿಗೆ ಫೋಟೊಗಳಿಗಿಂತ ಈ ಕಡತವೇ ಹೆಚ್ಚು ಉಪಯುಕ್ತ ಎಂಬುದು ನನ್ನ ಅಭಿಪ್ರಾಯ.

ಸತ್ತವರ, ಹೊಡೆದವರ, ಮನೆಯವರ ಹೆಸರುಗಳನ್ನು ಇಲ್ಲಿ ಬಳಸಿಲ್ಲ. ಎರಡನೆಯವನನ್ನು ‘ಚಾಲಕ’ ಎಂದೂ, ಅವನಿಗಿಂತ ಮೊದಲು ಸತ್ತವನನ್ನು ‘ಮೊದಲ ಕೈದಿ’ ಎಂದೂ ಕರೆದಿದ್ದೇನೆ.

ಹಿನ್ನೆಲೆ

ಬಾಗ್ರಾಮ್ ಕಟ್ಟಡ ಜೈಲಿಗೆಂದು ಕಟ್ಟಿದ್ದಲ್ಲ. ಸೋವಿಯತ್ ಸೇನೆ ಅಫ್ಘಾನಿಸ್ತಾನದಲ್ಲಿದ್ದ ಕಾಲದಲ್ಲಿ ವಿಮಾನಗಳ ಯಂತ್ರಭಾಗ ದುರಸ್ತಿಗೆ ಕಟ್ಟಿದ ದೊಡ್ಡ ಕಾರ್ಖಾನೆಯಂಥ ಕಟ್ಟಡ. ಅಮೆರಿಕದವರು ಅದರೊಳಗೆ ಮುಳ್ಳುತಂತಿಯ ಆವರಣಗಳನ್ನೂ ಒಬ್ಬೊಬ್ಬರೇ ಇರುವ ಪ್ರತ್ಯೇಕ ಕೋಣೆಗಳನ್ನೂ ಮಾಡಿಕೊಂಡರು. ಹೊಸದಾಗಿ ಬಂದ ಕೈದಿಗೆ ಮುಸುಕು ಹಾಕಿ, ಬೇಡಿ ತೊಡಿಸಿ, ಕನಿಷ್ಠ ಒಂದು ದಿನ, ಕೆಲವೊಮ್ಮೆ ಮೂರು ದಿನ ಒಂಟಿಯಾಗಿಡುವುದು ವಾಡಿಕೆ. ಅಲ್ಲಿಂದ ಮುಂದೆ ಅವನು ಕ್ಯೂಬಾದಲ್ಲಿರುವ ಅಮೆರಿಕದ ಸೇನಾ ಸೆರೆಮನೆ ಗ್ವಾಂಟನಾಮೊಗೆ ಹೋಗಬೇಕೋ ಮನೆಗೆ ಹೋಗಬೇಕೋ ಎಂಬುದು ತೀರ್ಮಾನವಾಗಬೇಕು.

ಒಳಗೆ ಎರಡು ತಂಡ. ಕಾವಲಿಗೆ ಇದ್ದದ್ದು ಓಹಾಯೊ, ಇಂಡಿಯಾನಾ ಕಡೆಯ ಮೀಸಲು ಪಡೆಯ ಮಿಲಿಟರಿ ಪೊಲೀಸ್ ಕಂಪನಿ. ವಿಚಾರಣೆಗೆ ಇದ್ದದ್ದು ಬೇಹುಗಾರಿಕೆ ದಳದಿಂದ ಬಂದ ಚಿಕ್ಕ ಗುಂಪು, ಅದಕ್ಕೊಬ್ಬರು ಕ್ಯಾಪ್ಟನ್. ಆ ವಿಚಾರಣಾ ಗುಂಪಿನಲ್ಲಿ ನಿಜವಾದ ಕೈದಿಯನ್ನು ಮೊದಲೇ ಪ್ರಶ್ನಿಸಿ ಅನುಭವವಿದ್ದವರು ಇಬ್ಬರೇ. ಉಳಿದವರು ಕಲಿತದ್ದೆಲ್ಲ ಅಲ್ಲೇ, ಒಬ್ಬರನ್ನೊಬ್ಬರು ನೋಡಿ. ಕೈದಿ ನಿದ್ದೆ ಮಾಡಬಾರದು ಎಂದು ವಿಚಾರಣೆಯವರು ಹೇಳಿದರೆ, ಅದನ್ನು ಮಾಡಿಸುವುದು ಕಾವಲಿನವರ ಕೆಲಸ. ಎಚ್ಚರವಾಗಿಡಲು ಸುಲಭದ ದಾರಿ ಕೈ ಮೇಲೆತ್ತಿ ಸರಪಳಿ ಹಾಕಿ ನಿಲ್ಲಿಸುವುದು. ಹೀಗೆ ಹೇಳಿದವರು ಒಬ್ಬರು, ಮಾಡಿದವರು ಇನ್ನೊಬ್ಬರು ಎಂಬ ಏರ್ಪಾಡು ಆರಂಭದಲ್ಲೇ ಬೇರೂರಿತು. ಈ ಪ್ರಕರಣ ಓದುವಾಗ ಇದನ್ನು ಗಮನದಲ್ಲಿಟ್ಟುಕೊಳ್ಳಬೇಕು, ಮುಂದೆ ನ್ಯಾಯಾಲಯದಲ್ಲಿ ಎಲ್ಲ ಎಡವಿದ್ದು ಇಲ್ಲೇ.

ಕಾನೂನು ಏನು ಹೇಳುತ್ತಿತ್ತು? 2002ರ ಫೆಬ್ರವರಿ 7ರಂದು ಅಧ್ಯಕ್ಷ ಜಾರ್ಜ್ ಬುಷ್ ಒಂದು ಆದೇಶಕ್ಕೆ ಸಹಿ ಹಾಕಿದ್ದರು. ಯುದ್ಧಕಾಲದ ನಡವಳಿಕೆಯ ಜಿನೀವಾ ಒಪ್ಪಂದಗಳ ಸಾಮಾನ್ಯ ಮೂರನೇ ವಿಧಿ (ಸೆರೆಸಿಕ್ಕವರನ್ನು ಕನಿಷ್ಠ ಮಾನವೀಯತೆಯಿಂದ ನಡೆಸಿಕೊಳ್ಳಬೇಕೆಂದು ನಾಲ್ಕೂ ಒಪ್ಪಂದಗಳಲ್ಲಿ ಇರುವ ವಿಧಿ) ಅಲ್ ಖೈದಾಗಾಗಲಿ ತಾಲಿಬಾನ್ ಕೈದಿಗಳಿಗಾಗಲಿ ಅನ್ವಯಿಸುವುದಿಲ್ಲ, ಅವರು ಯುದ್ಧಕೈದಿಗಳೂ ಅಲ್ಲ, ಆದರೂ ಸೇನೆಯ ಅಗತ್ಯಕ್ಕೆ ಹೊಂದುವಷ್ಟರ ಮಟ್ಟಿಗೆ ಮಾನವೀಯವಾಗಿ ನಡೆಸಿಕೊಳ್ಳಬೇಕು ಎಂಬುದು ಅದರ ಸಾರ. ‘ಅಷ್ಟರ ಮಟ್ಟಿಗೆ’ ಎಂದರೆ ಎಷ್ಟರ ಮಟ್ಟಿಗೆ ಎಂದು ಪಹರೆಯ ಹುಡುಗನಿಗೆ ಯಾರೂ ಬಿಡಿಸಿ ಹೇಳಲಿಲ್ಲ. ಯುದ್ಧಕೈದಿ ಎಂಬ ಸ್ಥಾನ ತಪ್ಪಿದ್ದರಿಂದ ಇನ್ನೊಂದು ನಷ್ಟವೂ ಆಯಿತು. ಮೂರನೇ ಜಿನೀವಾ ಒಪ್ಪಂದದ 121ನೇ ವಿಧಿಯಂತೆ, ಕಾವಲುಗಾರನ ಕೈಯಿಂದ ಯುದ್ಧಕೈದಿ ಸತ್ತರೂ, ಕಾರಣ ತಿಳಿಯದೆ ಸತ್ತರೂ ಸೆರೆಯಲ್ಲಿಟ್ಟ ದೇಶ ತಕ್ಷಣ ಅಧಿಕೃತ ವಿಚಾರಣೆ ನಡೆಸಲೇಬೇಕು. ಈ ಆರು ದಿನಗಳ ಕಥೆಯಲ್ಲಿ ಬೇಕಾಗಿದ್ದದ್ದು ಆ ‘ತಕ್ಷಣ’.

2002ರ ಡಿಸೆಂಬರ್ 2ರಂದು ರಕ್ಷಣಾ ಕಾರ್ಯದರ್ಶಿ ಡೊನಾಲ್ಡ್ ರಮ್ಸ್‌ಫೆಲ್ಡ್ ಗ್ವಾಂಟನಾಮೊ ಕೈದಿಗಳ ಮೇಲೆ ಬಳಸಬಹುದಾದ ಕಠಿಣ ವಿಧಾನಗಳ ಪಟ್ಟಿಗೆ ಒಪ್ಪಿಗೆ ಕೊಟ್ಟರು. ನಿಲ್ಲಿಸುವುದಕ್ಕೆ ನಾಲ್ಕು ಗಂಟೆಯ ಮಿತಿ ಏಕೆ, ನಾನೇ ದಿನಕ್ಕೆ ಎಂಟು ಹತ್ತು ಗಂಟೆ ನಿಂತಿರುತ್ತೇನಲ್ಲ ಎಂದು ಕೈಬರಹದಲ್ಲಿ ಒಂದು ಸಾಲು ಸೇರಿಸಿದರು. ಆ ಒಪ್ಪಿಗೆ ಗ್ವಾಂಟನಾಮೊಗೆ ಸೀಮಿತ. ಚಾಲಕ ಬಾಗ್ರಾಮ್‌ಗೆ ಬಂದದ್ದು ಅದಾದ ಮೂರೇ ದಿನಕ್ಕೆ, ಹಾಗಾಗಿ ಆ ಕಾಗದವೇ ಅವನನ್ನು ಕೊಂದಿತು ಎನ್ನುವವರ ವಾದ ನನಗೆ ಒಪ್ಪಿಗೆಯಿಲ್ಲ. ಕಾಗದ ಬರುವುದಕ್ಕೆ ಮೊದಲೇ ಬಾಗ್ರಾಮ್‌ನಲ್ಲಿ ಅದಕ್ಕಿಂತ ಕೆಟ್ಟದ್ದು ನಡೆಯುತ್ತಿತ್ತು. ಮೇಲಿನಿಂದ ಕೆಳಗಿನವರೆಗೆ ಎಲ್ಲರೂ ಒಂದೇ ಗಾಳಿ ಉಸಿರಾಡುತ್ತಿದ್ದರು ಎನ್ನುವಷ್ಟಕ್ಕೆ ಆ ಟಿಪ್ಪಣಿ ಸಾಕ್ಷಿ.

ಮಂಡಿಯ ಮೇಲಿನ ಏಟು

ಮಂಡಿಗಿಂತ ತುಸು ಮೇಲೆ, ತೊಡೆಯ ಹೊರಬದಿಯಲ್ಲಿ ಒಂದು ನರ ಹಾದುಹೋಗುತ್ತದೆ. ಅಲ್ಲಿಗೆ ಮೊಣಕಾಲಿನಿಂದ ಗುದ್ದಿದರೆ ಕ್ಷಣಕಾಲ ಕಾಲಿನ ಬಲ ಹೋಗಿ ಎದುರಾಳಿ ಕುಸಿಯುತ್ತಾನೆ. ಓಡುವವನನ್ನೋ ಮೇಲೆ ಬೀಳುವವನನ್ನೋ ತಡೆಯಲು ಅಮೆರಿಕದ ಪೊಲೀಸರಿಗೂ ಜೈಲು ಸಿಬ್ಬಂದಿಗೂ ಕಲಿಸುವ ಪಟ್ಟು ಇದು. ಕಾವಲು ಕಂಪನಿಯ ಹಲವರು ಇದನ್ನು ಅಫ್ಘಾನಿಸ್ತಾನಕ್ಕೆ ಹೊರಡುವ ಮುನ್ನ ಕಲಿತಿದ್ದರು. ಇದು ಸೇನೆಯ ಅಧಿಕೃತ ಪಾಠಕ್ರಮದಲ್ಲಿಲ್ಲ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಒಂದು ಏಟಿನಿಂದ ಯಾರೂ ಸಾಯುವುದಿಲ್ಲ. ಗುರುತೂ ಬೇಗ ಮಾಸುತ್ತದೆ, ಅದಕ್ಕೇ ಇದು ‘ನಿರಪಾಯ’ದ ಹೊಡೆತವೆಂದು ಹೆಸರು ಪಡೆದದ್ದು. ಆದರೆ ಕೈ ಮೇಲೆತ್ತಿ ಕಟ್ಟಿದವನು ಕುಸಿದರೂ ಬೀಳಲಾರ. ಹೊಸದಾಗಿ ಬರುವ ಪಾಳಿಯವನಿಗೆ ಹಿಂದಿನ ಪಾಳಿಯಲ್ಲಿ ಎಷ್ಟು ಬಿದ್ದಿದೆ ಎಂಬ ಲೆಕ್ಕವೂ ಇರುವುದಿಲ್ಲ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಬಿದ್ದರೆ ಒಳಗಿನ ಮಾಂಸಖಂಡ ನಜ್ಜುಗುಜ್ಜಾಗಿ ರಕ್ತ ಹೆಪ್ಪುಗಟ್ಟುತ್ತದೆ, ಆ ಹೆಪ್ಪು ಶ್ವಾಸಕೋಶದ ರಕ್ತನಾಳದವರೆಗೂ ಹೋಗಬಹುದು. ಮೊದಲ ಕೈದಿಗೆ ಆದದ್ದು ಅದೇ. ಡಿಸೆಂಬರ್ 8ರಂದು ಮುಗಿದ ಅವನ ಮರಣೋತ್ತರ ಪರೀಕ್ಷೆಯಲ್ಲಿ ಮಂಡಿ, ತೊಡೆ, ಮೀನಖಂಡಗಳಲ್ಲಿ ಆಳವಾದ ಗಾಯಗಳು ಕಂಡವು. ಎಡಗಾಲಿನ ಮೇಲೆ ಬೂಟಿನ ಅಟ್ಟೆಯಂಥ ಗುರುತಿತ್ತು. ಕಾಲಿನ ಗಾಯದಿಂದ ಹುಟ್ಟಿರಬಹುದಾದ ರಕ್ತದ ಹೆಪ್ಪು ಸಾವಿಗೆ ಕಾರಣವೆಂದು ವೈದ್ಯರು ಬರೆದರು. ಆ ದಿನ ಚಾಲಕ ಇನ್ನೂ ಬದುಕಿದ್ದ.

ಚಾಲಕ ಬಂದದ್ದು

ಅವನು ಖೋಸ್ತ್ ಪ್ರಾಂತ್ಯದ ಹಳ್ಳಿಯೊಂದರ ರೈತರ ಮನೆಯ ಹುಡುಗ, ಮದುವೆಯಾಗಿ ಒಂದು ಹೆಣ್ಣುಮಗು ಇತ್ತು. ತೂಕ ಸುಮಾರು 55 ಕಿಲೊ. ಮನೆಯವರು ಕೊಡಿಸಿದ್ದ ಹಳೆಯ ಕಾರನ್ನು ಬಾಡಿಗೆಗೆ ಓಡಿಸಲು ಶುರುಮಾಡಿ ಹೆಚ್ಚು ದಿನವಾಗಿರಲಿಲ್ಲ. ರಂಜಾನ್ ಹಬ್ಬದ ಸಮಯ. ಅಕ್ಕತಂಗಿಯರನ್ನು ಹಬ್ಬಕ್ಕೆ ಕರೆತಾ ಎಂದು ತಾಯಿ ಹೇಳಿದ್ದರು. ಅದಕ್ಕೆ ಮುಂಚೆ ಪೆಟ್ರೋಲ್ ಖರ್ಚಿಗಾದರೂ ಆಗಲಿ ಎಂದು ಖೋಸ್ತ್ ಪಟ್ಟಣಕ್ಕೆ ಹೋದವನಿಗೆ ಅಲ್ಲಿ ಮೂವರು ಪ್ರಯಾಣಿಕರು ಸಿಕ್ಕರು.

ಹಿಂತಿರುಗುವ ದಾರಿಯಲ್ಲಿ ಅಮೆರಿಕದ ಸೇನಾ ಶಿಬಿರವೊಂದಿತ್ತು. ಆ ಬೆಳಿಗ್ಗೆ ಅದರ ಮೇಲೆ ರಾಕೆಟ್ ಬಿದ್ದಿತ್ತು. ಶಿಬಿರ ಕಾಯುತ್ತಿದ್ದ ಸ್ಥಳೀಯ ಪಡೆ ಕಾರನ್ನು ತಡೆಯಿತು. ಪ್ರಯಾಣಿಕರೊಬ್ಬರ ಬಳಿ ಕೆಟ್ಟುಹೋದ ವಾಕಿಟಾಕಿ ಇತ್ತು, ಡಿಕ್ಕಿಯಲ್ಲಿ ಜನರೇಟರ್ ಕರೆಂಟಿಗೆ ಬಳಸುವ ಸ್ಟೆಬಿಲೈಜರ್ ಇತ್ತು. ನಾಲ್ವರನ್ನೂ ಅಮೆರಿಕದವರಿಗೆ ಒಪ್ಪಿಸಲು ಇಷ್ಟು ಸಾಕಾಯಿತು. ಹಿಡಿದುಕೊಟ್ಟ ಆ ಸ್ಥಳೀಯ ನಾಯಕನನ್ನೇ ಮುಂದೆ ಅಮೆರಿಕದವರು ಬಂಧಿಸಿದರು. ರಾಕೆಟ್ ದಾಳಿ ತಾನೇ ಮಾಡಿಸಿ, ಅಮಾಯಕರನ್ನು ಹಿಡಿದುಕೊಟ್ಟು ನಂಬಿಕೆ ಗಿಟ್ಟಿಸಿಕೊಳ್ಳುತ್ತಿದ್ದ ಎಂಬ ಶಂಕೆ ಅವನ ಮೇಲೆ ಬಂತು.

ಡಿಸೆಂಬರ್ 5ರಂದು ಚಾಲಕ ಬಾಗ್ರಾಮ್ ತಲುಪಿದ. ಮೊದಲ ಕೈದಿ ಸತ್ತು ಒಂದು ದಿನವಾಗಿತ್ತು. ಮುಂದಿನ ನಾಲ್ಕು ದಿನಗಳ ಬಹುಪಾಲು ಹೊತ್ತು ಅವನು ಕೋಣೆಯ ಸೂರಿಗೆ ಕಟ್ಟಿದ ಕೈಗಳಲ್ಲೇ ಕಳೆದ. ಮುಸುಕು ಉಸಿರು ಕಟ್ಟಿಸುತ್ತಿದೆ ಎಂದು ಕೊಸರಾಡಿದ, ಬಾಗಿಲು ಒದೆದ. ಕಾವಲಿನವರ ಲೆಕ್ಕದಲ್ಲಿ ಅದು ಅವಿಧೇಯತೆ, ಅವಿಧೇಯತೆಗೆ ಇದ್ದ ಉತ್ತರ ಮಂಡಿಯ ಮೇಲಿನ ಏಟು. ಏಟು ಬಿದ್ದಾಗಲೆಲ್ಲ ಅವನು ‘ಅಲ್ಲಾ’ ಎಂದು ಕೂಗುತ್ತಿದ್ದ.

ಆ ಕೂಗು ತಮಾಷೆಯ ವಸ್ತುವಾಯಿತು ಎಂದು ಅಲ್ಲಿದ್ದ ಸೈನಿಕನೊಬ್ಬ ತನಿಖೆಯಲ್ಲಿ ಹೇಳಿದ. ಕೂಗಿಸಿ ಕೇಳುವುದಕ್ಕೆಂದೇ ಒಬ್ಬರಾದ ಮೇಲೊಬ್ಬರು ಬಂದು ಹೊಡೆದು ಹೋದರಂತೆ. ಒಂದು ಹಗಲು ರಾತ್ರಿಯಲ್ಲಿ 100ಕ್ಕೂ ಹೆಚ್ಚು ಏಟು ಬಿದ್ದಿರಬಹುದೆಂದು ಅವನ ಅಂದಾಜು. ಹಿಂಸೆ ಎಂದರೆ ಕೋಪದಲ್ಲೋ, ಮಾಹಿತಿ ಕಕ್ಕಿಸುವ ಹಟದಲ್ಲೋ ನಡೆಯುವುದು ಎಂದುಕೊಂಡವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಈ ಏಟುಗಳಲ್ಲಿ ಹೆಚ್ಚಿನವುಗಳ ಹಿಂದೆ ಯಾವ ಪ್ರಶ್ನೆಯೂ ಇರಲಿಲ್ಲ.

ಡಿಸೆಂಬರ್ 8ರ ವಿಚಾರಣೆಯಲ್ಲಿ ಮೊದಲ ಹತ್ತು ನಿಮಿಷ ಮಾತ್ರ ಪ್ರಶ್ನೆ, ಉಳಿದದ್ದೆಲ್ಲ ತಳ್ಳಾಟ, ಒದೆ, ಕಿರುಚಾಟ ಎಂದು ದುಭಾಷಿಯೊಬ್ಬರು ಹೇಳಿಕೆ ಕೊಟ್ಟರು. ಕೊನೆಯ ವಿಚಾರಣೆ 10ರ ನಸುಕಿನ ಎರಡು ಗಂಟೆಯ ಹೊತ್ತಿಗೆ. ಕುರ್ಚಿಯಲ್ಲಿ ಕೂತ ಅವನ ಕಾಲುಗಳು ಹಿಡಿತವಿಲ್ಲದೆ ಅದುರುತ್ತಿದ್ದವು, ಕೈ ಮರಗಟ್ಟಿದ್ದವು. ನೀರು ಕೇಳಿದ. ವಿಚಾರಣೆಯವರಲ್ಲೊಬ್ಬ ಬಾಟಲಿಯ ತಳಕ್ಕೆ ತೂತು ಮಾಡಿ ಕೊಟ್ಟ. ಮರಗಟ್ಟಿದ ಬೆರಳುಗಳಿಂದ ಮುಚ್ಚಳ ತಿರುಗಿಸುತ್ತಿರುವಾಗಲೇ ನೀರೆಲ್ಲ ಮೈಮೇಲೆ ಸುರಿದುಹೋಯಿತು. ಮೊಣಕಾಲೂರಿಸಲು ನೋಡಿದರು, ಕಾಲು ಮಡಚಲಿಲ್ಲ. ಇದು ಮುಗಿದ ಮೇಲೆ ಡಾಕ್ಟರ್ ನೋಡುತ್ತಾರೆ ಎಂದು ಹೇಳಿ, ಮುಗಿದ ಮೇಲೆ ಮತ್ತೆ ಸೂರಿಗೇ ಕಟ್ಟಿಸಿದರು. ಹಲವು ಗಂಟೆಗಳ ನಂತರ ವೈದ್ಯರು ಬರುವ ಹೊತ್ತಿಗೆ ದೇಹ ಸೆಟೆದುಕೊಳ್ಳತೊಡಗಿತ್ತು.

ತನಿಖೆಯವರಿಗೆ ಬಹಳ ತಿಂಗಳ ಮೇಲೆ ತಿಳಿದುಬಂದ ಸಂಗತಿ ಇನ್ನೊಂದಿದೆ. ಇವನು ನಿರಪರಾಧಿ, ತಪ್ಪು ಹೊತ್ತಿನಲ್ಲಿ ಶಿಬಿರದ ಮುಂದೆ ಕಾರು ಓಡಿಸಿದ ಬಡಪಾಯಿ ಎಂದು ವಿಚಾರಣಾ ತಂಡದ ಬಹುತೇಕರು ನಂಬಿದ್ದರು.

ಕೈತಪ್ಪಿದ ತಿರುವುಗಳು

ಡಿಸೆಂಬರ್ 4ಕ್ಕೂ ಮೊದಲೇ ಒಂದು ಎಚ್ಚರಿಕೆ ಬಂದಿತ್ತು. ಕೈದಿಗಳನ್ನು ಒಂದೇ ಭಂಗಿಯಲ್ಲಿ ಸರಪಳಿ ಹಾಕಿ ಇಡುತ್ತಿರುವುದರ ಬಗ್ಗೆ ಅಂತರರಾಷ್ಟ್ರೀಯ ರೆಡ್ ಕ್ರಾಸ್ ಪ್ರತಿನಿಧಿಗಳು ಬಾಗ್ರಾಮ್ ಅಧಿಕಾರಿಗಳಿಗೆ ನೇರವಾಗಿ ಆಕ್ಷೇಪ ಹೇಳಿದ್ದರು. ಹಿರಿಯ ಅಧಿಕಾರಿಗಳು ಸೆರೆಮನೆಯೊಳಗೆ ಆಗಾಗ ಸುತ್ತು ಹಾಕುತ್ತಿದ್ದರು. ಕಟ್ಟಿ ನಿಲ್ಲಿಸಿದವರನ್ನು ಕಂಡಿದ್ದೆವು ಎಂದು ಅವರಲ್ಲಿ ಹಲವರು ಮುಂದೆ ಒಪ್ಪಿಕೊಂಡರು. ಗುಟ್ಟಾಗಿ ನಡೆದ ಕೃತ್ಯ ಇದಲ್ಲ.

ಮೊದಲ ಕೈದಿ ತಾಲಿಬಾನ್ ನಾಯಕನೊಬ್ಬನ ಸಂಬಂಧಿ ಎಂದು ಹೆಸರಾಗಿದ್ದ. ಬಗ್ಗದವನು, ಸಿಡುಕಿನವನು ಎಂಬ ಮಾತು ಅವನ ಸುತ್ತ ಇತ್ತು. ಅವನ ಸಾವನ್ನು ಅವನ ಸ್ವಭಾವಕ್ಕೇ ಕಟ್ಟಿಬಿಡುವುದು ಸುಲಭವಾಯಿತು. ಕಾವಲಿನವರ ಮಾತನ್ನು ನಂಬಿದೆವು, ಅಷ್ಟು ಹೋರಾಡಿದ ಕೈದಿ ಇನ್ನೊಬ್ಬನಿರಲಿಲ್ಲವಂತೆ ಎಂಬರ್ಥದ ವಿವರಣೆಯನ್ನು ಸೇನೆಯ ವಕೀಲರೇ ಮುಂದೆ ಕೊಟ್ಟರು. ಸತ್ತವನು ಎಂಥವನು ಎಂಬಲ್ಲಿಗೆ ವಿಚಾರಣೆ ನಿಂತದ್ದರಿಂದ, ಕಟ್ಟಿಹಾಕುವ ಪದ್ಧತಿ ಎಂಥದ್ದು ಎಂಬ ಪ್ರಶ್ನೆ ಏಳಲೇ ಇಲ್ಲ. ಆ ರಾತ್ರಿಯೇ ಸರಪಳಿಗಳನ್ನು ಬಿಚ್ಚಿಸಿ, ಎಲ್ಲ ಕೈದಿಗಳ ಕಾಲುಗಳನ್ನು ಒಬ್ಬ ವೈದ್ಯರಿಂದ ನೋಡಿಸಿ ಎಂದು ಯಾರಾದರೂ ಆದೇಶ ಕೊಡಬಹುದಿತ್ತು. ಅದಕ್ಕೆ ವಾಷಿಂಗ್ಟನ್ ಅನುಮತಿಯೇನೂ ಬೇಕಿರಲಿಲ್ಲ. ಮೈಮುಟ್ಟುವುದನ್ನೂ ಕಟ್ಟಿ ನಿಲ್ಲಿಸುವುದನ್ನೂ ನಿಷೇಧಿಸುವ ಬದಲಾವಣೆಗಳು ಬಂದದ್ದು ಎರಡನೆಯ ಸಾವಿನ ಮೇಲೆ.

ಇನ್ನೊಂದು ತಿರುವು ಮರಣೋತ್ತರ ಪರೀಕ್ಷೆ. ಡಿಸೆಂಬರ್ 13ರಂದು ಸೇನೆಯದೇ ವೈದ್ಯಾಧಿಕಾರಿ ಚಾಲಕನ ಸಾವನ್ನು ನರಹತ್ಯೆ (ಇನ್ನೊಬ್ಬರ ಕೈಯಿಂದಾದ ಸಾವು) ಎಂದು ನಮೂದಿಸಿದರು: ಹೃದಯದ ರಕ್ತನಾಳದ ತೊಂದರೆಯಿದ್ದವನಿಗೆ ಕಾಲುಗಳ ಮೇಲೆ ಬಿದ್ದ ಮೊಂಡು ಏಟುಗಳಿಂದ ಸಾವು. ಬಸ್ಸು ಹರಿದವರ ಕಾಲಲ್ಲಿ ಇಂಥ ಗಾಯ ನೋಡಿದ್ದೇನೆ ಎಂದು ಶವಪರೀಕ್ಷೆಯ ವೈದ್ಯಾಧಿಕಾರಿ ಮುಂದೆ ಸಾಕ್ಷ್ಯ ಹೇಳಿದರು. ಇಡೀ ಸರಣಿಯಲ್ಲಿ ತನ್ನ ಕೆಲಸವನ್ನು ಇರಬೇಕಾದಂತೆ ಮಾಡಿದ್ದು ಈ ಶವಪರೀಕ್ಷಾ ವಿಭಾಗ. ಆದರೆ ಹೊರಗೆ ಸೇನೆ ಹೇಳಿದ್ದು ಸಹಜ ಸಾವು ಎಂದು. 2003ರ ಫೆಬ್ರವರಿಯಲ್ಲೂ ಅಫ್ಘಾನಿಸ್ತಾನದಲ್ಲಿನ ಪಡೆಗಳ ಮುಖ್ಯಸ್ಥರು ಕೈದಿಗಳನ್ನು ಸೂರಿಗೆ ಕಟ್ಟಿಲ್ಲ ಎಂದೇ ಪತ್ರಿಕೆಗೆ ಹೇಳಿದರು.

ಗಂಟು ಬಿಚ್ಚಿದ್ದು ಖೋಸ್ತ್ ಹಳ್ಳಿಯಲ್ಲಿ. ನ್ಯೂಯಾರ್ಕ್ ಟೈಮ್ಸ್‌ನ ವರದಿಗಾರ್ತಿಯೊಬ್ಬರು ಮನೆ ಹುಡುಕಿಕೊಂಡು ಹೋದಾಗ ಮನೆಯವರು ಸೇನೆ ಕೊಟ್ಟಿದ್ದ ಮಡಚಿದ ಕಾಗದವೊಂದನ್ನು ತೋರಿಸಿದರು. ಇಂಗ್ಲಿಷಿನಲ್ಲಿದ್ದ ಮರಣ ಪ್ರಮಾಣಪತ್ರ. ಅವರಿಗೆ ಆ ಭಾಷೆ ಬಾರದು. ಸಾವಿನ ಬಗೆ ಎಂಬಲ್ಲಿ ನರಹತ್ಯೆಯ ಚೌಕಕ್ಕೆ ಗುರುತು ಬಿದ್ದಿತ್ತು. ಆ ವರದಿ 2003ರ ಮಾರ್ಚ್ 4ರಂದು ಅಚ್ಚಾಯಿತು. ಮುಚ್ಚಿಡಬೇಕೆಂದಿದ್ದ ಸತ್ಯವನ್ನು ಒಂದು ಗುಮಾಸ್ತಿಕೆಯ ನಿಯಮವೇ ಹೊರಗೆ ಕಳಿಸಿಬಿಟ್ಟಿತ್ತು. ಕಾಗದಪತ್ರವನ್ನು ಹೀಗಳೆಯುವವರು ಈ ಒಂದು ಹಾಳೆಯನ್ನು ಮರೆಯಬಾರದು.

ಯಾರ ಏಟು?

ಆದರೂ ಸೇನೆಯ ಅಪರಾಧ ತನಿಖಾ ವಿಭಾಗ ಮೊದಲಿಗೆ ಶಿಫಾರಸು ಮಾಡಿದ್ದು ಪ್ರಕರಣ ಮುಚ್ಚಿ ಎಂದು. ಗಾಯಗಳಿಗೆ ಯಾರು ಹೊಣೆ ಎಂದು ಗೊತ್ತುಮಾಡಲಾಗದು ಎಂಬುದು ಕಾರಣ. ತನಿಖೆಯ ಶಿಸ್ತು ಹೇಗಿತ್ತೆಂದರೆ, ಮೊದಲ ಕೈದಿಯ ರಕ್ತದ ಮಾದರಿಯನ್ನು ಕಚೇರಿಯ ಫ್ರಿಜ್‌ನಲ್ಲಿ ಬೆಣ್ಣೆ ಇಡುವ ಜಾಗದಲ್ಲಿ ಇಟ್ಟಿದ್ದರು. ಈ ನಡುವೆ ವಿಚಾರಣಾ ತಂಡದ ಹಲವರು ಅದೇ ಕ್ಯಾಪ್ಟನ್ ಜೊತೆ ಇರಾಕಿಗೆ ಹೋಗಿ 2003ರ ಬೇಸಿಗೆಯಲ್ಲಿ ಅಬು ಗ್ರೈಬ್‌ನಲ್ಲಿ ವಿಚಾರಣೆಯ ಹೊಣೆ ಹೊತ್ತರು. ಅಲ್ಲಿನ ವಿಧಾನಗಳು ಬಾಗ್ರಾಮ್‌ನವುಗಳನ್ನು ತುಂಬ ಹೋಲುತ್ತಿದ್ದವು ಎಂದು ಸೇನೆಯದೇ ಉನ್ನತ ಮಟ್ಟದ ವಿಚಾರಣೆ ಹೇಳಿತು.

ಅಬು ಗ್ರೈಬ್ ಫೋಟೊಗಳ ಗದ್ದಲದ ನಂತರ, 2004ರ ಅಕ್ಟೋಬರ್‌ನಲ್ಲಿ, ಚಾಲಕನ ಪ್ರಕರಣದಲ್ಲಿ 27 ಮಂದಿಯ ಮೇಲೆ ಆರೋಪ ಹೊರಿಸಲು ಸಾಕಷ್ಟು ಆಧಾರವಿದೆ ಎಂಬ ತೀರ್ಮಾನಕ್ಕೆ ತನಿಖಾ ವಿಭಾಗ ಬಂತು. ಸೇನಾ ನ್ಯಾಯಾಲಯದವರೆಗೆ ಹೋದವರು ಕೆಲವರೇ. ಕೊಂದ ಅಪರಾಧಕ್ಕೆ ಯಾರಿಗೂ ಶಿಕ್ಷೆಯಾಗಲಿಲ್ಲ. ಹಲ್ಲೆ, ಕರ್ತವ್ಯಲೋಪದಂಥ ಆರೋಪಗಳಲ್ಲಿ ಕೆಲವರಿಗೆ ಕೆಲವು ತಿಂಗಳ ಜೈಲು, ಕೆಲವರಿಗೆ ಹಿಂಬಡ್ತಿ, ಸಂಬಳ ಕಡಿತ. ಹಲ್ಲೆ ಮತ್ತು ಅಂಗಹಾನಿಯ ಅಪರಾಧ ಸಾಬೀತಾದ ಕಾವಲುಗಾರನೊಬ್ಬನಿಗೆ ಜೈಲೇ ಆಗಲಿಲ್ಲ. ಅಧಿಕಾರಿ ದರ್ಜೆಯವರು ಯಾರೂ ಸೆರೆಮನೆ ಕಾಣಲಿಲ್ಲ.

ನ್ಯಾಯಾಧೀಶರು ಮೆದುವಾದರು ಎಂದಷ್ಟೇ ಹೇಳಿ ಮುಗಿಸಿದರೆ ಪ್ರಕರಣದ ತಿರುಳು ಕೈತಪ್ಪುತ್ತದೆ. ಪ್ರತಿಯೊಬ್ಬನೂ ಹೇಳಿದ್ದು ನಿಜವೇ ಇರಬಹುದು: ನಾನು ಕೆಲವೇ ಏಟು ಹೊಡೆದೆ, ಅದೂ ಕಲಿಸಿಕೊಟ್ಟ ಹಾಗೆ. ಕಟ್ಟಿದವನು ಹೊಡೆದಿರಲಿಲ್ಲ, ಹೊಡೆದವನು ಕಟ್ಟಲು ಹೇಳಿರಲಿಲ್ಲ, ಹೇಳಿದವನು ಕೋಣೆಯಲ್ಲಿರಲಿಲ್ಲ. ಸಾವಿಗೆ ಕಾರಣವಾದ ಏಟು ಯಾವುದು ಎಂದು ಯಾವ ವೈದ್ಯರೂ ತೋರಿಸಲಾರರು, ಏಕೆಂದರೆ ಅಂಥ ಒಂದು ಏಟು ಇರಲೇ ಇಲ್ಲ. ಒಬ್ಬ ಕೊಲೆಗಾರ, ಒಂದು ಆಯುಧ, ಒಂದು ಗಾಯ ಎಂಬ ಲೆಕ್ಕದ ಮೇಲೆ ನಿಂತ ಕಾನೂನು ಇಂಥ ಕಡೆ ತಡಬಡಾಯಿಸುತ್ತದೆ.

ಇದೇ ತೊಡಕು ನಮ್ಮ ಲಾಕಪ್ ಸಾವುಗಳಲ್ಲೂ ಇದೆ. ಭಾರತದ ಕಾನೂನು ಆಯೋಗ 1985ರಲ್ಲಿ ತನ್ನ 113ನೇ ವರದಿಯಲ್ಲಿ ಒಂದು ದಾರಿ ಸೂಚಿಸಿತ್ತು: ವಶದಲ್ಲಿದ್ದವನ ಮೈಮೇಲೆ ಗಾಯವಾಗಿದ್ದರೆ, ವಶದಲ್ಲಿಟ್ಟುಕೊಂಡಿದ್ದ ಪೊಲೀಸ್ ಅಧಿಕಾರಿಯೇ ಅದಕ್ಕೆ ಕಾರಣ ಎಂದು ನ್ಯಾಯಾಲಯ ಭಾವಿಸಬಹುದು, ಅಲ್ಲವೆಂದು ತೋರಿಸುವುದು ಅಧಿಕಾರಿಗೆ ಬಿಟ್ಟದ್ದು. 2017ರ 273ನೇ ವರದಿಯಲ್ಲಿ ಅದನ್ನೇ ಮತ್ತೆ ಹೇಳಿತು. ವಿಶ್ವಸಂಸ್ಥೆಯ ಚಿತ್ರಹಿಂಸೆ ವಿರೋಧಿ ಒಪ್ಪಂದಕ್ಕೆ ಭಾರತ 1997ರಲ್ಲಿ ಸಹಿ ಹಾಕಿದೆ, ಸ್ಥಿರೀಕರಿಸಿಲ್ಲ, ಅಂದರೆ ಅದಕ್ಕೆ ಕಾನೂನುಬದ್ಧವಾಗಿ ಕಟ್ಟುಬಿದ್ದಿಲ್ಲ. ಅಮೆರಿಕ ಅದೇ ಒಪ್ಪಂದವನ್ನು 1994ರಲ್ಲೇ ಸ್ಥಿರೀಕರಿಸಿತ್ತು, ಯುದ್ಧವೂ ನೆಪವಾಗದು ಎಂದು ಅದರ ಎರಡನೇ ವಿಧಿಯಲ್ಲೇ ಇದೆ. ಬಾಗ್ರಾಮ್ ಅದಾದ ಮೇಲೆ ನಡೆದದ್ದು. ಸಹಿಗೂ ಸ್ಥಿರೀಕರಣಕ್ಕೂ ಪಾಳಿಯ ಕಾವಲುಗಾರನಿಗೂ ನಡುವೆ ತರಬೇತಿ, ದಿನಚರಿ ಪುಸ್ತಕ, ವೈದ್ಯರ ಭೇಟಿ ಎಂಬ ಸಣ್ಣಪುಟ್ಟ ಏರ್ಪಾಡುಗಳು ಇಲ್ಲದಿದ್ದರೆ ಒಪ್ಪಂದ ಕೋಣೆಯವರೆಗೆ ಬರುವುದಿಲ್ಲ.

ಅಮೆರಿಕದಲ್ಲಿ ನಿಯಮಗಳು ಬದಲಾದವು. 2005ರ ಡಿಸೆಂಬರ್‌ನಲ್ಲಿ ಕೈದಿಗಳನ್ನು ಕ್ರೂರವಾಗಿ ನಡೆಸಿಕೊಳ್ಳುವುದನ್ನು ನಿಷೇಧಿಸುವ ಕಾನೂನು ಬಂತು. 2006ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಸಾಮಾನ್ಯ ಮೂರನೇ ವಿಧಿ ಅನ್ವಯಿಸುತ್ತದೆ ಎಂದಿತು. ಅದೇ ಸೆಪ್ಟೆಂಬರ್‌ನಲ್ಲಿ ಸೇನೆಯ ಹೊಸ ವಿಚಾರಣಾ ಕೈಪಿಡಿ ಹೊರಬಂದು ಮುಸುಕು, ಹೊಡೆತಗಳನ್ನು ಹೆಸರಿಟ್ಟು ನಿಷೇಧಿಸಿತು.

ಚಾಲಕನ ಕಾರಿನಲ್ಲಿದ್ದ ಮೂವರು ಪ್ರಯಾಣಿಕರನ್ನು ಗ್ವಾಂಟನಾಮೊಗೆ ಸಾಗಿಸಿದ್ದರು. 2004ರ ಮಾರ್ಚ್‌ನಲ್ಲಿ ಅವರನ್ನು ಊರಿಗೆ ಕಳಿಸಿದರು. ಇವರಿಂದ ಅಮೆರಿಕದ ಪಡೆಗಳಿಗೆ ಅಪಾಯವಿಲ್ಲ ಎಂದು ಬರೆದ ಪತ್ರವೊಂದನ್ನು ಅವರ ಕೈಗೆ ಕೊಟ್ಟಿದ್ದರು.